ಚೆನ್ನೈ ನೋಡಲು ಹೊರಟವರಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಪ್ರವಾಸದ ಬಗ್ಗೆ ಬರೆದ ಪತ್ರಗಳಲ್ಲಿ ಚೆನ್ನೈಯನ್ನು ಕುರಿತವು ಹಲವು ಇದ್ದುದರಿಂದ ಈ ಸಲದ ಅಂಕಣವನ್ನು ಆ ಒಂದು ಊರಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ, ಸೊಸೆ, ಮೊಮ್ಮಕ್ಕಳೊಡನೆ ಮೂರು ದಿನಗಳ ಮಟ್ಟಿಗೆ ಚೆನ್ನೈಗೆ ಹೋಗಬೇಕೆಂದಿದ್ದೇವೆ. ಮರೀನಾ, ಮಹಾಬಲಿಪುರ, ಕಂಚಿ, ಪುದುಚೇರಿ ಇಷ್ಟನ್ನೂ ನೋಡಿಕೊಂಡು, ಬರುವಾಗ ತಿಮ್ಮಪ್ಪನ ದರ್ಶನವನ್ನೂ ಮಾಡಿಕೊಂಡು ಬರಲು ಸಾಧ್ಯವೇ? — ಸಿರುಗುಪ್ಪದ ಓದುಗರು

ಉತ್ತರ: ಸಾಧ್ಯವಿಲ್ಲವೆಂದೇನಲ್ಲ, ಆದರೆ ಹಾಗೆ ಹೋದವರು ನೋಡುವುದು ಹೆಚ್ಚಾಗಿ ವಾಹನದ ಕಿಟಕಿಯನ್ನೇ. ನೀವು ಹೆಸರಿಸಿದ ಊರುಗಳು ಚೆನ್ನೈಯಿಂದ ಬೇರೆ ಬೇರೆ ದಿಕ್ಕಿಗಿವೆ. ಮಹಾಬಲಿಪುರ ದಕ್ಷಿಣಕ್ಕೆ, ಕಡಲ ದಂಡೆಯ ರಸ್ತೆಯಲ್ಲಿ ಸುಮಾರು 55 ಕಿಲೋಮೀಟರ್. ಕಂಚಿ ನೈಋತ್ಯಕ್ಕೆ, ಒಳನಾಡಿನಲ್ಲಿ ಸುಮಾರು 75 ಕಿಲೋಮೀಟರ್. ಪುದುಚೇರಿ ಮಹಾಬಲಿಪುರವನ್ನೂ ದಾಟಿ ಸುಮಾರು 150 ಕಿಲೋಮೀಟರ್. ದಿನಕ್ಕೊಂದು ದಿಕ್ಕು ಎಂದು ನಿಯಮ ಹಾಕಿಕೊಂಡರೆ ಪ್ರವಾಸ ಹಿತವಾಗಿರುತ್ತದೆ, ಮೊಮ್ಮಕ್ಕಳೂ ಸಿಡಿಮಿಡಿಗೊಳ್ಳುವುದಿಲ್ಲ. ಪುದುಚೇರಿಯನ್ನು ಈ ಸಲ ಕೈಬಿಡಿ. ಒಂದು ರಾತ್ರಿಯಾದರೂ ತಂಗಿ ಬೆಳಗಿನ ಹೊತ್ತು ಅಲ್ಲಿನ ಬೀದಿಗಳಲ್ಲಿ ನಡೆಯದೆ ಬಂದರೆ ಆ ಊರನ್ನು ನೋಡಿದಂತಾಗುವುದಿಲ್ಲ.

ತಿರುಪತಿಯ ವಿಷಯವೇ ಬೇರೆ. ಸಿರುಗುಪ್ಪದಿಂದ ರೈಲು ಹಿಡಿಯಲು ನಿಮಗೆ ಆದೋನಿ ಹತ್ತಿರ. ರಾಯಚೂರಿನ ಕಡೆಯಿಂದ ಬರುವ ಚೆನ್ನೈ ಗಾಡಿಗಳು ಆದೋನಿ, ಗುಂತಕಲ್ಲು, ಗುತ್ತಿ, ಕಡಪ ದಾಟಿ ರೇಣಿಗುಂಟದ ಮೂಲಕವೇ ಹೋಗುತ್ತವೆ. ರೇಣಿಗುಂಟದಿಂದ ತಿರುಪತಿಗೆ ಹತ್ತು ಕಿಲೋಮೀಟರಿನಷ್ಟೇ ದೂರ. ಆದ್ದರಿಂದ ತಿರುಮಲೆಯನ್ನು ಚೆನ್ನೈಯಿಂದ ಹೋಗಿಬರುವ ಊರೆಂದು ಲೆಕ್ಕ ಹಾಕದೆ, ಮರಳುವ ದಾರಿಯಲ್ಲಿ ರೇಣಿಗುಂಟದಲ್ಲಿ ಇಳಿದು, ದರ್ಶನದ ಟಿಕೆಟನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆಂದೇ ಬೇರೊಂದು ದಿನ ತೆಗೆದಿಡಿ.

ಉಳಿದ ಮೂರು ದಿನಗಳಲ್ಲಿ ಮೊದಲನೆಯದನ್ನು ನಗರಕ್ಕೆ ಕೊಡಿ: ಬೆಳಿಗ್ಗೆ ಸೇಂಟ್ ಜಾರ್ಜ್ ಕೋಟೆ, ಮಧ್ಯಾಹ್ನದ ಬಿಸಿಲಿನಲ್ಲಿ ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯ, ಸಂಜೆ ಮೈಲಾಪುರದ ಕಪಾಲೀಶ್ವರ ದೇವಸ್ಥಾನ. ಎರಡನೆಯ ದಿನ ಮಹಾಬಲಿಪುರ. ಮೂರನೆಯ ದಿನ ಕಂಚಿ. ಮರೀನಾಕ್ಕೆ ಬೇರೆ ದಿನ ಬೇಕಿಲ್ಲ, ಬೇಗ ಏಳುವ ಮನಸ್ಸು ಬೇಕು. ಗೋಕರ್ಣ, ಮುರುಡೇಶ್ವರಗಳಲ್ಲಿ ಸೂರ್ಯ ಕಡಲಿಗೆ ಇಳಿಯುವುದನ್ನು ಕಂಡವರಿಗೆ ಅವನು ಕಡಲಿನಿಂದ ಏಳುವುದನ್ನು ಕಾಣುವ ಜಾಗ ಇದು. ಸಂಜೆಯ ಮರೀನಾ ಸಂತೆಯಂತಿರುತ್ತದೆ. ತೆಂಗಿನ ತುರಿ, ಮಾವಿನಕಾಯಿ ಬೆರೆಸಿದ ಬಟಾಣಿ ಸುಂಡಲನ್ನು ತಿನ್ನಲಾದರೂ ಒಮ್ಮೆ ಆ ಹೊತ್ತಿನಲ್ಲಿ ಹೋಗಬೇಕೆನ್ನುವುದು ಸರಿ, ಆದರೆ ಕಡಲನ್ನು ನೋಡಬೇಕಾದರೆ ಬೆಳಗಿನ ಆರರೊಳಗೆ ಮರಳಿನ ಮೇಲಿರಬೇಕು.

ವಾರದ ರಜೆಗಳನ್ನು ನೋಡಿಕೊಂಡೇ ಟಿಕೆಟ್ ಕಾಯ್ದಿರಿಸಿ. ಎಗ್ಮೋರಿನ ಸಂಗ್ರಹಾಲಯಕ್ಕೂ ಕೋಟೆಯೊಳಗಿನ ಸಂಗ್ರಹಾಲಯಕ್ಕೂ ಶುಕ್ರವಾರ ರಜೆ. ವಂಡಲೂರಿನ ಮೃಗಾಲಯ, ಗಿಂಡಿಯ ಹಾವಿನ ಉದ್ಯಾನ ಮತ್ತು ಮುಟ್ಟುಕಾಡಿನ ದಕ್ಷಿಣಚಿತ್ರವೆಂಬ ಬಯಲು ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ದೇವಸ್ಥಾನಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಹಂಪಿಯ ಮಂಟಪಗಳಂತೆ ಯಾವಾಗ ಬೇಕಾದರೂ ಒಳಹೋಗಬಹುದೆಂದುಕೊಂಡು ಹೊರಟವರು ಮುಚ್ಚಿದ ಬಾಗಿಲಿನ ಮುಂದೆ ನಾಲ್ಕು ಗಂಟೆ ಕಾಯಬೇಕಾಗುತ್ತದೆ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ವಕೀಲ. ನಮ್ಮ ತಾತನವರು ಅಪೀಲು ಕೇಸುಗಳಿಗಾಗಿ ಮದರಾಸಿಗೆ ಹೋಗಿಬರುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಬಳ್ಳಾರಿಯವರು ನಮ್ಮದೆಂದು ಹೋಗಿ ನೋಡುವಂಥದ್ದು ಆ ಊರಿನಲ್ಲಿ ಏನಾದರೂ ಉಂಟೇ?

ಉತ್ತರ: ಬೇಕಾದಷ್ಟು ಉಂಟು. ಪ್ರವಾಸದ ಕೈಪಿಡಿಗಳು ಅದನ್ನು ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದರಾಸು ಪ್ರಾಂತ್ಯದ ಜಿಲ್ಲೆಯಾಗಿತ್ತು. ಹೈದರಾಬಾದಿನ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದವರಿಗಿಂತ ನಿಮ್ಮ ಪಾಲಿಗೆ ಆ ಊರು ಹೆಚ್ಚು ಹತ್ತಿರದ್ದು. ಅದು ನಿಮ್ಮ ಹಿರಿಯರ ರಾಜಧಾನಿ. ನಿಮ್ಮ ತಾತನವರು ಮೆಟ್ಟಿಲು ಹತ್ತಿದ ಹೈಕೋರ್ಟು 1892ರಲ್ಲಿ ಕಟ್ಟಿ ಮುಗಿದ ಕೆಂಪು ಕಟ್ಟಡ. ಗುಮ್ಮಟ, ಕಮಾನು, ಗೋಪುರಗಳಿಂದ ಇಂಡೋ-ಸಾರ್ಸೆನಿಕ್ ಶೈಲಿಯಲ್ಲಿ ಎದ್ದಿರುವ ಆ ಕಟ್ಟಡದ ಅತಿ ಎತ್ತರದ ಗೋಪುರದ ಮೇಲೆ 1894ರಿಂದ ಊರಿನ ದೀಪಸ್ತಂಭವೂ ಇತ್ತು. ಮರೀನಾದ ಈಗಿನ ದೀಪಸ್ತಂಭ 1977ರಲ್ಲಿ ಬೆಳಗುವವರೆಗೆ ಹಡಗುಗಳಿಗೆ ದಾರಿ ತೋರಿಸಿದ್ದು ನ್ಯಾಯಾಲಯದ ನೆತ್ತಿಯ ಮೇಲಿನ ದೀಪವೇ.

ಅಲ್ಲಿಂದ ಸಮೀಪದಲ್ಲೇ ಸೇಂಟ್ ಜಾರ್ಜ್ ಕೋಟೆ. ಇದರ ಹುಟ್ಟಿನಲ್ಲೇ ನಮ್ಮ ಸೀಮೆಯ ಎಳೆಯೊಂದಿದೆ. 1565ರ ಯುದ್ಧದ ನಂತರ ವಿಜಯನಗರದ ಅರಸರು ಹಂಪಿಯನ್ನು ಬಿಟ್ಟು ಪೆನುಗೊಂಡೆಗೂ ಮುಂದೆ ಚಂದ್ರಗಿರಿಗೂ ರಾಜಧಾನಿಯನ್ನು ಒಯ್ದರಷ್ಟೆ. ಆ ಅರವೀಡು ಮನೆತನದ ಆಳ್ವಿಕೆಯ ಕಾಲದಲ್ಲಿ, ಅವರ ಅಧೀನದ ನಾಯಕನಾಗಿದ್ದ ದಾಮರ್ಲ ವೆಂಕಟಾದ್ರಿಯಿಂದ ಈಸ್ಟ್ ಇಂಡಿಯಾ ಕಂಪನಿಯವರು 1639ರ ಆಗಸ್ಟಿನಲ್ಲಿ ಕಡಲ ತೀರದ ಒಂದು ಪಟ್ಟಿ ನೆಲವನ್ನು ಪಡೆದು ಈ ಕೋಟೆಯನ್ನು ಕಟ್ಟಲು ತೊಡಗಿದರು. ತುಂಗಭದ್ರೆಯ ದಂಡೆಯಲ್ಲಿ ಬಿದ್ದ ಸಾಮ್ರಾಜ್ಯದ ಕೊನೆಗಾಲದ ದಾನವೊಂದರಿಂದ ಮದರಾಸು ಹುಟ್ಟಿತೆಂಬುದನ್ನು ಹಂಪಿಯ ಪಕ್ಕದವರಾದ ನಾವು ನೆನೆಯದಿದ್ದರೆ ಇನ್ನಾರು ನೆನೆದಾರು?

ಕೋಟೆಯೊಳಗೆ ಈಗ ತಮಿಳುನಾಡಿನ ವಿಧಾನಸಭೆ ಮತ್ತು ಸಚಿವಾಲಯಗಳಿರುವುದರಿಂದ ಗುರುತಿನ ಚೀಟಿ ಜೊತೆಗಿರಲಿ. ಅಲ್ಲಿನ ಸೇಂಟ್ ಮೇರಿ ಚರ್ಚು 1680ರಲ್ಲಿ ಪ್ರತಿಷ್ಠೆಗೊಂಡದ್ದು. ಭಾರತದ ಆಂಗ್ಲಿಕನ್ ಚರ್ಚುಗಳಲ್ಲಿ ಅದೇ ಅತಿ ಹಳೆಯದು. ರಾಬರ್ಟ್ ಕ್ಲೈವನ ಮದುವೆ 1753ರಲ್ಲಿ ನಡೆದದ್ದು ಅಲ್ಲೇ ಎಂದು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಬಳ್ಳಾರಿಯವರು ಹುಡುಕಬೇಕಾದದ್ದು ಮಾತ್ರ ಬೇರೊಬ್ಬನ ಸಮಾಧಿಯನ್ನು. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಆ ದತ್ತಮಂಡಲಕ್ಕೆ ಮೊದಲ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಏಳು ವರ್ಷ ನಮ್ಮ ಹಳ್ಳಿಗಳನ್ನು ಸುತ್ತಿ ಹೊಲಗಳನ್ನು ಅಳೆಸಿದ. ಜಮೀನ್ದಾರರನ್ನು ನಡುವೆ ತರದೆ ರೈತನಿಂದಲೇ ಕಂದಾಯ ಕಟ್ಟಿಸಿಕೊಳ್ಳುವ ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಮುಂದೆ ಮದರಾಸಿನ ಗವರ್ನರನಾಗಿದ್ದಾಗಲೇ ಹಳೆಯ ಸೀಮೆಯನ್ನು ಮತ್ತೊಮ್ಮೆ ನೋಡಲು ಬಂದು, 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಗುತ್ತಿಯಲ್ಲಿ ಹೂಳಿದ್ದ ಅವನ ಅವಶೇಷಗಳನ್ನು ಕೆಲವು ವರ್ಷಗಳ ನಂತರ ಈ ಚರ್ಚಿಗೆ ತರಲಾಯಿತು. ಮಂತ್ರಾಲಯದ ರಾಯರು ಬೃಂದಾವನದಿಂದ ಹೊರಬಂದು ಮನ್ರೋನೊಡನೆ ಮಾತನಾಡಿದರೆಂಬ ಐತಿಹ್ಯವನ್ನು ಬಲ್ಲ ಭಕ್ತರಿಗೂ ಈ ಸಮಾಧಿ ಆಸಕ್ತಿಯದೇ.

ಕೋಟೆಯಿಂದ ಮೌಂಟ್ ರೋಡ್ ಕಡೆಗೆ ಬರುವಾಗ ದಾರಿಯಲ್ಲಿ ಎತ್ತರದ ಪೀಠದ ಮೇಲೆ ಕುದುರೆಯೇರಿದ ಅದೇ ಮನ್ರೋ ಕಾಣುತ್ತಾನೆ. ಲಂಡನ್ನಿನ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಎರಕ ಹೊಯ್ಸಿದ ಈ ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿ ಮರೆತನೆಂದು ಜನ ಕತೆ ಕಟ್ಟಿದ್ದಾರೆ. ಜೀನಿಲ್ಲದ ಕುದುರೆಯನ್ನು ಚಾಂಟ್ರಿ ಬೇರೆ ಕಡೆಯೂ ಮಾಡಿದ್ದಾನೆ; ಆದ್ದರಿಂದ ಮರೆವಿನ ಕತೆಯನ್ನು ನಂಬಬೇಕಾಗಿಲ್ಲ.

ಕೊನೆಯದಾಗಿ ಎಗ್ಮೋರಿನ ಸಂಗ್ರಹಾಲಯ. 1851ರಲ್ಲಿ ಸ್ಥಾಪನೆಯಾದ ಇಲ್ಲಿಗೆ ಜನ ಬರುವುದು ಅಮರಾವತಿಯ ಬೌದ್ಧ ಶಿಲ್ಪಗಳಿಗಾಗಿ ಮತ್ತು ಚೋಳರ ಕಾಲದ ಕಂಚಿನ ವಿಗ್ರಹಗಳಿಗಾಗಿ. ತಿರುವಾಲಂಗಾಡಿನ ನಟರಾಜ ಮತ್ತು ತಿರುವೆಣ್ಕಾಡಿನ ಅರ್ಧನಾರೀಶ್ವರರ ಮುಂದೆ ನಿಲ್ಲದೆ ಬರುವುದು ಅನ್ಯಾಯವೇ ಸರಿ. ಆದರೆ ಪ್ರಾಗಿತಿಹಾಸದ ವಿಭಾಗಕ್ಕೂ ಕಾಲಿಡಿ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಮೊದಲಿಗೆ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್, ಮುಂದೆ ಬಳ್ಳಾರಿ ಸೀಮೆಯ ಸಂಗನಕಲ್ಲು, ಕಪ್ಪಗಲ್ಲು ಮತ್ತು ಬೂದಿದಿಬ್ಬಗಳನ್ನು ಸುತ್ತಿ ನೂರಾರು ಕಲ್ಲಿನ ಕೊಡಲಿಗಳನ್ನೂ ಮಡಕೆ ಚೂರುಗಳನ್ನೂ ಕೂಡಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಕೊಂಡದ್ದು ಇದೇ ಸಂಗ್ರಹಾಲಯ. ಬಳ್ಳಾರಿಯಲ್ಲಿ ಅವರ ಹೆಸರಿನದೇ ಆದ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವನ್ನು ಮೊದಲು ನೋಡಿಕೊಂಡು ಹೊರಟರೆ ಎರಡರ ಸಂಬಂಧವೂ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು, ರಾಯಚೂರಿನಲ್ಲಿ ಡಿಗ್ರಿ ಓದುತ್ತಿದ್ದೇವೆ. ಬಾಡಿಗೆ ಕಾರು ಮಾಡದೆ ಮಹಾಬಲಿಪುರ ನೋಡಿಬರುವುದು ಹೇಗೆ? ಅಲ್ಲಿ ಕಡಲಲ್ಲಿ ಈಜಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ: ಬೇಡ. ಚೆನ್ನೈ ತೀರದ ಕಡಲು ಒಳಸೆಳೆತದ್ದು. ಮರೀನಾದಲ್ಲಿ ಈಜಲು ನಿಷೇಧವೇ ಇದೆ, ಆದರೂ ಜೀವಗಳು ಹೋಗುತ್ತಲೇ ಇವೆ. ಮಹಾಬಲಿಪುರದ ಕಡಲೂ ಅದೇ ಗುಣದ್ದು. ತುಂಗಭದ್ರೆಯಲ್ಲೋ ಕಾಲುವೆಯಲ್ಲೋ ಈಜು ಕಲಿತವರಿಗೆ ಆ ಧೈರ್ಯವೇ ಅಪಾಯ, ಏಕೆಂದರೆ ಹೊಳೆಯ ನೀರು ಒಂದು ಕಡೆಗೆ ಹರಿದರೆ ಕಡಲಿನ ತೆರೆ ಮೇಲೆ ದಡಕ್ಕೆ ತಳ್ಳುತ್ತಾ ಕೆಳಗೆ ಕಾಲಡಿಯ ಮರಳನ್ನೇ ಒಳಕ್ಕೆ ಎಳೆಯುತ್ತದೆ. ಪಾದ ನೆನೆಸಿಕೊಂಡು ಬನ್ನಿ, ಸಾಕು.

ಮಹಾಬಲಿಪುರಕ್ಕೆ ರೈಲು ಇಲ್ಲ. ನಗರದಿಂದ ಕಡಲ ದಂಡೆಯ ರಸ್ತೆಯಲ್ಲಿ ಸರಕಾರಿ ಬಸ್ಸುಗಳು ಹೋಗುತ್ತವೆ. ಬಸ್ಸುಗಳ ಫಲಕ ತಮಿಳಿನಲ್ಲಿದ್ದರೆ ಕೇಳಲು ಹಿಂಜರಿಯಬೇಡಿ. ನಿಮ್ಮಲ್ಲಿ ತೆಲುಗು ಬಲ್ಲವರಿದ್ದರೆ ಚೆನ್ನೈಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಹೆಚ್ಚಿನವರು ದಾರಿಯ ದಕ್ಷಿಣಚಿತ್ರ, ಮೊಸಳೆ ಕೇಂದ್ರಗಳಲ್ಲಿ ಇಳಿದಿಳಿದು, ಸುಡು ಮಧ್ಯಾಹ್ನದಲ್ಲಿ ಮಹಾಬಲಿಪುರ ಮುಟ್ಟುತ್ತಾರೆ. ನೀವು ತಿರುಗುಮುರುಗು ಮಾಡಿ. ನಸುಕಿನ ಬಸ್ಸಿನಲ್ಲಿ ನೇರವಾಗಿ ಹೋಗಿ, ಬಿಸಿಲೇರುವ ಮುನ್ನ ಬಂಡೆಗಳನ್ನು ನೋಡಿ ಮುಗಿಸಿ, ಮರಳುವಾಗ ನೆರಳಿರುವ ಜಾಗಗಳಲ್ಲಿ ಇಳಿಯಿರಿ. ಊರು ಚಿಕ್ಕದು, ಎಲ್ಲವನ್ನೂ ನಡೆದೇ ನೋಡಬಹುದು. ತೀರದ ದೇವಾಲಯಕ್ಕೂ ಪಂಚರಥಗಳಿಗೂ ಒಂದೇ ಟಿಕೆಟ್ ನಡೆಯುವುದರಿಂದ ಮೊದಲನೆಯ ಕಡೆ ಕೊಂಡದ್ದನ್ನು ಬಿಸಾಡಬೇಡಿ.

ಐದು ರಥಗಳೂ ನೆಲದಿಂದ ಎದ್ದಿದ್ದ ಬಂಡೆಯನ್ನು ಕಡಿದು ಬಿಡಿಸಿದವು. ಅಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು ಏನೂ ಇಲ್ಲ. ಅವುಗಳಿಗೆ ಪಾಂಡವರ ಮತ್ತು ದ್ರೌಪದಿಯ ಹೆಸರು ಬಂದದ್ದು ತೀರ ಆಮೇಲೆ. ಕೆಲವು ಅರ್ಧಕ್ಕೇ ನಿಂತಿರುವುದರಿಂದ ಉಳಿ ಎಲ್ಲಿಂದ ಎಲ್ಲಿಗೆ ಇಳಿಯುತ್ತಿತ್ತೆಂಬುದನ್ನು ಕಲ್ಲಿನ ಮೇಲೆಯೇ ಓದಬಹುದು. ಮೇಲಿನಿಂದ ಕೆಳಕ್ಕೆ ಕೆಲಸ ಸಾಗಿರುವುದು, ಬುಡ ಒರಟಾಗಿಯೇ ಉಳಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಬಳಿಕ ಅರ್ಜುನನ ತಪಸ್ಸೆಂದು ಕರೆಯುವ ದೊಡ್ಡ ಉಬ್ಬುಶಿಲ್ಪಕ್ಕೆ ಬನ್ನಿ. ಅದು ಅರ್ಜುನನ ತಪಸ್ಸೋ ಭಗೀರಥನ ಗಂಗಾವತರಣವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನಡುವಿನ ಬಿರುಕಿನಲ್ಲಿ ನಾಗರು ಈಜುತ್ತಿರುವುದನ್ನೂ ಆನೆಯ ಕಾಲ ಬಳಿ ಒಂಟಿ ಕಾಲಲ್ಲಿ ನಿಂತು ತಪಸ್ಸಿನ ಸೋಗು ಹಾಕಿರುವ ಬೆಕ್ಕನ್ನೂ, ಅದನ್ನು ನಂಬಿ ಸುತ್ತ ನೆರೆದಿರುವ ಇಲಿಗಳನ್ನೂ ತಪ್ಪದೆ ಹುಡುಕಿ. ಪಕ್ಕದ ಇಳಿಜಾರಿನಲ್ಲಿ ಜಾರದೆ ನಿಂತಿರುವ 'ಕೃಷ್ಣನ ಬೆಣ್ಣೆಮುದ್ದೆ' ಎಂಬ ಗುಂಡಿನ ಮುಂದೆ ಉದ್ದನೆಯ ಸಾಲಿರುತ್ತದೆ. ಆನೆಗೊಂದಿ, ಹಂಪಿಗಳ ಗುಡ್ಡಗಳಲ್ಲಿ ಅಂಥವನ್ನು ಲೆಕ್ಕವಿಲ್ಲದಷ್ಟು ಕಂಡಿರುವ ನಮ್ಮ ಕಡೆಯವರು ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಈ ಊರಿಗೆ ಮಾಮಲ್ಲಪುರವೆಂಬ ಇನ್ನೊಂದು ಹೆಸರನ್ನು ಕೊಟ್ಟ ಮಾಮಲ್ಲನೆಂದರೆ ಪಲ್ಲವರ ಒಂದನೆಯ ನರಸಿಂಹವರ್ಮ. ಇಮ್ಮಡಿ ಪುಲಕೇಶಿಯನ್ನು ಸೋಲಿಸಿ 642ರಲ್ಲಿ ಬಾದಾಮಿಯನ್ನು ಗೆದ್ದವನು ಇವನೇ. ಆ ಸೋಲಿನ ಮುಂದಿನ ಕತೆ ಕಂಚಿಯಲ್ಲಿದೆ. ಕೆಳಗಿನ ಉತ್ತರವನ್ನು ಓದಿ.

ಪ್ರಶ್ನೆ: ಮಗಳ ಮದುವೆಗೆ ಸೀರೆ ತರಲು ಕಂಚಿಗೆ ಹೋಗುವವರಿದ್ದೇವೆ. ಸೀರೆಯ ಕೆಲಸ ಮುಗಿದ ಮೇಲೆ ಉಳಿದ ಸಮಯದಲ್ಲಿ ಯಾವ ಗುಡಿಗಳನ್ನು ನೋಡಬಹುದು? — ಕುಷ್ಟಗಿಯ ಓದುಗರು

ಉತ್ತರ: ತಾಯಿ, ಕ್ರಮವನ್ನು ಅದಲುಬದಲು ಮಾಡಿಕೊಳ್ಳಿ. ಅಂಗಡಿಗಳು ಮಧ್ಯಾಹ್ನ ತೆರೆದಿರುತ್ತವೆ, ಗುಡಿಗಳು ತೆರೆದಿರುವುದಿಲ್ಲ. ಸೀರೆಯ ಅಂಗಡಿಗೆ ಮೊದಲು ಕಾಲಿಟ್ಟರೆ ಹೊರಬರುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲವೆಂಬುದು ನಿಮಗೇ ಗೊತ್ತು. ಚೆನ್ನೈಯಿಂದ ತಾಂಬರಂ, ಚೆಂಗಲ್‌ಪಟ್ಟುಗಳ ಮೂಲಕ ಕಂಚಿಗೆ ಲೋಕಲ್ ರೈಲೂ ಇದೆ, ಬಸ್ಸೂ ಇದೆ. ಆದರೆ ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕಾದರೆ ನಾಲ್ಕೈದು ಜನ ಕೂಡಿ ಕಾರು ಮಾಡಿಕೊಂಡು ಹೋಗುವುದೇ ಅನುಕೂಲ.

ಕಾಮಾಕ್ಷಿ, ಏಕಾಂಬರೇಶ್ವರ, ವರದರಾಜ ಈ ಮೂರಕ್ಕೂ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ವರದರಾಜ ದೇವಸ್ಥಾನದ ನೂರು ಕಂಬಗಳ ಮಂಟಪ ವಿಜಯನಗರದ ಕಾಲದ್ದು. ಕುದುರೆ ಸವಾರರ ಕಂಬಗಳನ್ನೂ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಯನ್ನೂ ಕಂಡಾಗ ಹಂಪಿಯ ವಿಠ್ಠಲನ ಗುಡಿ ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲಿನ ಕೊಳದಲ್ಲಿರುವ ಅತ್ತಿ ಮರದ ವರದರನ್ನು ನಲವತ್ತು ವರ್ಷಕ್ಕೊಮ್ಮೆ ಮಾತ್ರ ಹೊರತೆಗೆಯುತ್ತಾರೆ. ಹಿಂದಿನ ದರ್ಶನ 2019ರಲ್ಲಿ ಆಗಿಹೋಗಿದೆ, ಮುಂದಿನದು 2059ಕ್ಕೆ.

ಆದರೆ ಬೆಳಗಿನ ಮೊದಲ ಗಂಟೆಯನ್ನು ಕೈಲಾಸನಾಥನಿಗೆ ಕೊಡಿ. ಎಂಟನೆಯ ಶತಮಾನದ ಮೊದಲಲ್ಲಿ ಪಲ್ಲವ ರಾಜಸಿಂಹ ಕಟ್ಟಿಸಿದ ಈ ಗುಡಿ ಊರಿನ ಅಂಚಿನಲ್ಲಿದೆ, ಗದ್ದಲವಿಲ್ಲ. ಪ್ರಾಕಾರದ ಉದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕ ಗುಡಿಗಳಿದ್ದು, ಕೆಲವುಗಳ ಒಳಗೆ ಹಳೆಯ ವರ್ಣಚಿತ್ರಗಳ ಕುರುಹು ಇನ್ನೂ ಉಳಿದಿದೆ. ಗರ್ಭಗುಡಿಯ ಮುಂದಿನ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಒಂದು ಶಾಸನವಿದೆ. ಅದು ಕನ್ನಡದಲ್ಲಿದೆ.

ಬಾದಾಮಿಯನ್ನು ಪಲ್ಲವರು ಗೆದ್ದು ಹೆಚ್ಚುಕಡಿಮೆ ನೂರು ವರ್ಷಗಳಾದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಹೊಕ್ಕ. ಸೇಡು ತೀರಿಸಲು ಬಂದವನು ಊರನ್ನು ಹಾಳುಮಾಡಲಿಲ್ಲ. ಈ ದೇವರ ಸಂಪತ್ತನ್ನು ಕಂಡು, ಅದನ್ನು ಕೊಂಡೊಯ್ಯದೆ ದೇವರಿಗೇ ಬಿಟ್ಟುಕೊಟ್ಟನೆಂದು ಆ ಕಂಬದ ಮೇಲೆ ಬರೆಸಿದ. ಈ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಈಗಿನ ವಿರೂಪಾಕ್ಷ ದೇವಾಲಯ. ಕುಷ್ಟಗಿಯವರಾದ ನೀವು ಪಟ್ಟದಕಲ್ಲನ್ನು ನೋಡಿಯೇ ಇರುತ್ತೀರಿ. ಎರಡು ಗುಡಿಗಳ ಶಿಖರಗಳನ್ನು ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದರೆ, ಗೆದ್ದವರು ಸೋತವರ ಶಿಲ್ಪವನ್ನು ಎಷ್ಟು ಮೆಚ್ಚಿದ್ದರೆಂಬುದು ತಾನಾಗಿ ತಿಳಿಯುತ್ತದೆ.

ಸೀರೆಯ ಬಗ್ಗೆ ಇಲಕಲ್ಲಿನ ನೆರೆಯವರಿಗೆ ಹೇಳುವುದು ಕಡಿಮೆ. ಇಲಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸುವಂತೆ, ಕಂಚಿಯಲ್ಲಿ ಬೇರೆ ಬಣ್ಣದ ಅಂಚನ್ನು ಒಡಲಿಗೆ ಹೆಣೆಯುವ ಪದ್ಧತಿಯಿದೆ. ಅಂಚು ಕೂಡುವಲ್ಲಿ ಹಿಂಬದಿಯನ್ನು ತಿರುವಿ ನೋಡುವ ಅಭ್ಯಾಸ ನಿಮಗೆ ಹೇಗೂ ಇದ್ದೇ ಇರುತ್ತದೆ. ಜರಿಯ ಗುಣಮಟ್ಟವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ ಮತ್ತು ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಿ. ಇನ್ನೊಂದು ದಿನ ಬಿಡುವಿದ್ದರೆ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಹೋಗಿಬನ್ನಿ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿರುವ ಈ ಬಯಲು ಸಂಗ್ರಹಾಲಯ 1996ರಲ್ಲಿ ತೆರೆಯಿತು; ಕರ್ನಾಟಕದ ವಿಭಾಗದಲ್ಲಿ ಇಲಕಲ್ಲಿನ ನೇಕಾರರ ಮನೆಯೇ ಇದೆ. ಬಂಗಾಳ ಕೊಲ್ಲಿಯ ದಂಡೆಯಲ್ಲಿ ನಮ್ಮ ಕಡೆಯ ಪಡಸಾಲೆಯ ಮೇಲೆ ಕೂತು ಬರಬಹುದು.

ಪ್ರಶ್ನೆ: ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಅವರಿಗೆ ಗುಡಿ, ಕೋಟೆಗಳೆಂದರೆ ಬೇಸರ. ಏನು ತೋರಿಸಬಹುದು? — ಗಂಗಾವತಿಯ ಓದುಗರು

ಉತ್ತರ: ಮೊಸಳೆಗಳನ್ನು. ಮಹಾಬಲಿಪುರದ ರಸ್ತೆಯಲ್ಲಿ 1976ರಲ್ಲಿ ರೋಮುಲಸ್ ವಿಟೇಕರ್ ಮತ್ತು ಸಂಗಡಿಗರು ಆರಂಭಿಸಿದ ಮೊಸಳೆ ಕೇಂದ್ರದಲ್ಲಿ ನಮ್ಮ ಹೊಳೆಯ ಮೊಸಳೆಯಿಂದ ಹಿಡಿದು ಹೊರದೇಶದ ಜಾತಿಗಳವರೆಗೆ ರಾಶಿ ಬಿದ್ದಂತೆ ಮಲಗಿರುವುದನ್ನು ಕಾಣಬಹುದು. ವಂಡಲೂರಿನ ಮೃಗಾಲಯ ಬಹಳ ದೊಡ್ಡದು. ನಡೆದು ಮುಗಿಸುತ್ತೇವೆಂಬ ಹಟ ಬೇಡ, ಒಳಗಿನ ವಾಹನವನ್ನು ಹಿಡಿಯಿರಿ. ನಗರದ ನಡುವಿನ ಗಿಂಡಿಯಲ್ಲಿ ಹಾವಿನ ಉದ್ಯಾನವೂ ಮಕ್ಕಳ ಉದ್ಯಾನವೂ ಒತ್ತೊತ್ತಾಗಿರುವುದರಿಂದ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಮೂರನ್ನೂ ನೋಡಲೇಬೇಕೆಂದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಮಂಡಿನೋವಿರುವ ನಮ್ಮ ಅವ್ವನಿಗೆ ಸಮುದ್ರ ನೋಡುವ ಆಸೆ. ಮರಳಿನಲ್ಲಿ ನಡೆಯಲಾರರು. ದಾರಿಯುಂಟೇ? — ಸಿಂಧನೂರಿನ ಓದುಗರು

ಉತ್ತರ: ಉಂಟು. ಮರೀನಾದಲ್ಲಿ ರಸ್ತೆಯಿಂದ ನೀರಿನವರೆಗಿನ ಮರಳು ಬಹಳ ಅಗಲ, ಒಳ್ಳೆಯ ಕಾಲಿನವರಿಗೇ ದಣಿವಾಗುತ್ತದೆ. ಆದ್ದರಿಂದ ವಿವೇಕಾನಂದ ಭವನದ ಎದುರಿಗೆ, ಗಾಲಿಕುರ್ಚಿಯಲ್ಲಿ ಕೂತವರನ್ನು ನೀರಿನ ಹತ್ತಿರದವರೆಗೆ ಒಯ್ಯಲು ಮರದ ಹಲಗೆಯ ಹಾದಿಯೊಂದನ್ನು 2022ರ ನವೆಂಬರಿನಲ್ಲಿ ತೆರೆದರು; ಕೆಲವೇ ದಿನಗಳಲ್ಲಿ ಬಂದ ಚಂಡಮಾರುತಕ್ಕೆ ಅದು ಹಾನಿಗೊಂಡು, ಮತ್ತೆ ದುರಸ್ತಿಯಾಯಿತು. ಬೆಳಗಿನ ಹೊತ್ತು ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಎದುರಿನ ದುಂಡನೆಯ ಕಟ್ಟಡಕ್ಕೂ ಒಂದು ಕತೆಯಿದೆ: ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಕೂಡಿಡಲು 1842ರಲ್ಲಿ ಕಟ್ಟಿದ ಉಗ್ರಾಣವದು; 1897ರ ಫೆಬ್ರುವರಿಯಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು.

ಗುಡಿಗಳ ಪೈಕಿ ಮೈಲಾಪುರದ ಕಪಾಲೀಶ್ವರನ ಪ್ರಾಕಾರ ಸಮತಟ್ಟಾಗಿದ್ದು ನಿಧಾನವಾಗಿ ನಡೆಯಲು ಅನುಕೂಲ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಮೀಸೆ ಹೊತ್ತ ಕೃಷ್ಣ, ಅವ್ವನವರಿಗೆ ಇಷ್ಟವಾದೀತು. ಶನಿವಾರಗಳಂದು ಜನಜಂಗುಳಿ, ಬೇರೆ ದಿನ ಹೋಗಿ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಸೆಂಟ್ರಲ್‌ನಲ್ಲೋ ಎಗ್ಮೋರಿನಲ್ಲೋ ರೈಲಿಳಿದವರು ಮೆಟ್ಟಿಲ ಕಷ್ಟವಿಲ್ಲದೆ ಊರೊಳಗೆ ಸೇರಬಹುದು. ನಿಮ್ಮ ಗಾಡಿ ಇವೆರಡರಲ್ಲಿ ಯಾವ ನಿಲ್ದಾಣಕ್ಕೆ ಹೋಗುತ್ತದೆಂಬುದನ್ನು ಟಿಕೆಟಿನಲ್ಲಿ ನೋಡಿಕೊಂಡು, ತಂಗುವ ಜಾಗವನ್ನು ಅದರ ಹತ್ತಿರವೇ ಗೊತ್ತುಮಾಡಿ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು? ನಮಗೆ ದಸರಾ ಅಥವಾ ಬೇಸಿಗೆ ರಜೆಯಲ್ಲಿ ಮಾತ್ರ ಬಿಡುವು. — ಮಾನ್ವಿಯ ಓದುಗರು

ಉತ್ತರ: ಎರಡೂ ಒಳ್ಳೆಯ ಕಾಲವಲ್ಲ, ಆದರೂ ಎರಡರಲ್ಲಿ ದಸರೆಯೇ ಮೇಲು. ರಾಯಚೂರಿನ ಬಿಸಿಲಿಗೆ ಹೆದರದವರು ಚೆನ್ನೈಯ ಮೇ ತಿಂಗಳಿಗೆ ಹೆದರುವುದೇಕೆಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿಯದು ಒಣ ಬಿಸಿಲು. ನೆರಳಿಗೆ ಸರಿದರೆ ಜೀವ ಹಾಯೆನ್ನುತ್ತದೆ. ಅಲ್ಲಿ ಗಾಳಿಯಲ್ಲೇ ನೀರಿರುವುದರಿಂದ ನೆರಳಿನಲ್ಲೂ ಬೆವರು ಆರುವುದಿಲ್ಲ. ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆ. ನಮ್ಮ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಆರಂಭ. 2015ರ ಡಿಸೆಂಬರಿನಲ್ಲಿ ಊರು ಮುಳುಗಿದ್ದು ಈ ಮಳೆಗೇ. ದಸರೆ ಅಕ್ಟೋಬರ್ ಮೊದಲಲ್ಲೇ ಬಂದ ವರ್ಷ ಧೈರ್ಯವಾಗಿ ಹೋಗಿ. ತಡವಾಗಿ ಬಂದ ವರ್ಷ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಹೊರಡಿ.

ರಜೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಜನವರಿ, ಫೆಬ್ರುವರಿ ಹಿತ. ಚೆಂಗಲ್‌ಪಟ್ಟಿನ ಆಚೆಯ ವೇಡಂತಾಂಗಲ್ ಪಕ್ಷಿಧಾಮದ ಕೆರೆಯಲ್ಲಿ ಆಗ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಅಲ್ಲಿನ ರೈತರು ಎರಡು ಶತಮಾನಗಳಿಗೂ ಹಿಂದಿನಿಂದ ಆ ಹಕ್ಕಿಗಳನ್ನು ಕಾಯುತ್ತಾ ಬಂದಿದ್ದಾರೆ. ಹಿಕ್ಕೆ ಬಿದ್ದ ಕೆರೆಯ ನೀರು ಅವರ ಗದ್ದೆಗಳಿಗೆ ಗೊಬ್ಬರ. ಸಂಕ್ರಾಂತಿಯ ವೇಳೆ ಒಂದು ಎಚ್ಚರಿಕೆ: ಪೊಂಗಲ್ ಹಬ್ಬದ ಕೊನೆಯ ದಿನವಾದ ಕಾಣುಂ ಪೊಂಗಲ್‌ನಂದು ಇಡೀ ನಗರ ಮರೀನಾಕ್ಕೂ ಮೃಗಾಲಯಕ್ಕೂ ಹರಿದುಬರುತ್ತದೆ. ಆ ದಿನ ನೀವು ಬೇರೆಲ್ಲಾದರೂ ಇರಿ.

ಪ್ರಶ್ನೆ: ಡಿಸೆಂಬರಿನ ಸಂಗೀತೋತ್ಸವಕ್ಕೆ ಹೊರಗಿನವರು ಹೋಗಬಹುದೇ? — ಕೊಪ್ಪಳದ ಓದುಗರು

ಉತ್ತರ: ಧಾರಾಳವಾಗಿ ಹೋಗಬಹುದು. ಡಿಸೆಂಬರ್ ನಡುವಿನಿಂದ ಜನವರಿಯ ಮೊದಲ ದಿನಗಳವರೆಗೆ ಮೈಲಾಪುರ ಮತ್ತು ಸುತ್ತಲಿನ ಸಭಾಗಳೆಂಬ ಸಂಗೀತ ಸಂಸ್ಥೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಛೇರಿಗಳಿರುತ್ತವೆ. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯ ಸಂಜೆಯ ಕಛೇರಿಗಳಿಗೆ ಟಿಕೆಟ್ ಸಿಗುವುದು ಕಷ್ಟ. ಆದರೆ ಹಲವು ಸಭಾಗಳಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ಕಛೇರಿಗಳಿಗೆ ಪ್ರವೇಶ ಉಚಿತ. ಎಳೆಯ ಕಲಾವಿದರು ಹಾಡುವುದು ಆ ಹೊತ್ತಿನಲ್ಲೇ, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೊಸಬರು ಕೇಳಬೇಕಾದದ್ದೂ ಅದೇ. ಸಭಾಗಳ ಕ್ಯಾಂಟೀನುಗಳಲ್ಲಿ ಬಾಳೆಲೆಯ ಊಟಕ್ಕೆ ಸಂಗೀತ ಕೇಳದವರೂ ಸಾಲು ನಿಲ್ಲುತ್ತಾರೆ. ಕಛೇರಿಯ ಕೊನೆಯ ಭಾಗದಲ್ಲಿ ದೇವರನಾಮ ಹಾಡುವ ರೂಢಿ ಇರುವುದರಿಂದ ನಡುವೆಯೇ ಎದ್ದು ಬರಬೇಡಿ. ಹಂಪಿಯ ಹೊಳೆದಂಡೆಯ ಮಂಟಪದೊಡನೆ ನಾವು ನೆನೆಯುವ ಪುರಂದರದಾಸರ ಪದಗಳನ್ನು ಅಲ್ಲಿನ ಕಲಾವಿದರು ಕನ್ನಡದಲ್ಲೇ ಹಾಡುತ್ತಾರೆ, ಉಚ್ಚಾರ ಒಮ್ಮೊಮ್ಮೆ ಅತ್ತಿತ್ತ ಆದರೂ.